ಕಾಣದ ಧೂಳಿಗೆ ಹೆದರಿದ ಸೆವ್ರಿನ್ ಬಾಯಮ್ಮ

ಸೆವ್ರಿನ್ ಬಾಯಮ್ಮ ಯಾರೊಡನೆ ಮಾತಾಡುವಾಗಲೂ ಅವರ ಮುಖ ನೋಡುತ್ತಿರಲಿಲ್ಲ. ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತಿದ್ದರು. ಗೊತ್ತಿಲ್ಲದವರು ಗುಂಡಿ ಕಿತ್ತುಹೋಗಿದೆಯೋ, ಸಾರು ಚೆಲ್ಲಿದೆಯೋ ಎಂದು ಗಾಬರಿಯಿಂದ ಎದೆ ಸವರಿಕೊಳ್ಳುತ್ತಿದ್ದರು. ಬಾಯಮ್ಮ ನೋಡುತ್ತಿದ್ದದ್ದು ಗುಂಡಿಯನ್ನಲ್ಲ, ಅದು ಏರಿ ಇಳಿಯುವ ಬಗೆಯನ್ನು. ಮಸ್ಕತ್ತಿನ ಒಂದು ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಹರೆಯವನ್ನೆಲ್ಲ ಕಳೆದು ಬಂದ ನರ್ಸ್ ಅವರು. ಕಾವೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಕಂಪೌಂಡು ಮಾತ್ರ. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಪಾದ್ರಿಗಳು ಎಂತ ಪ್ರಸಂಗ ಮಾಡಿದರು ಎಂದು ನನ್ನ ಹೆಂಡತಿ ಪ್ರತಿಮಾ ಕೇಳಿದರೆ, "ಪ್ರಸಂಗ ಗೊತ್ತಿಲ್ಲ ಮಾರಾಯ್ತಿ, ಆದ್ರೆ ಪಾದ್ರಿಗಳಿಗೆ ವಾಕ್ಯದ ನಡುವೆ ಉಸಿರು ಸಾಕಾಗುದಿಲ್ಲ, ಡಾಕ್ಟ್ರಿಗೆ ತೋರಿಸ್ಲಿಕ್ಕೆ ಹೇಳಿ ಬಂದೆ" ಎನ್ನುತ್ತಿದ್ದರು.

ಒಂಟಿ ಹೆಂಗಸು. ಉದ್ದ ಕಾಲು, ಸಣಕಲು ಮೈ, ಹೂವಿನ ಚಿತ್ತಾರದ ಫ್ರಾಕು, ಹೆಗಲ ಮೇಲೆ ಸದಾ ಒಂದು ಒದ್ದೆ ಬಟ್ಟೆ. ಮದುವೆ ಏಕೆ ಆಗಲಿಲ್ಲವೆಂದು ಕೇಳಿದವರಿಗೆ, "ಗಂಡಸರೆಲ್ಲ ಗೊರಕೆ ಹೊಡೀತಾರೆ, ನಂಗೆ ಡ್ಯೂಟಿ ಮುಗಿಯುದೇ ಇಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಅವರಿಗೆ ಹೆದರಿಕೆ ಇಲ್ಲದ ವಸ್ತು ಲೋಕದಲ್ಲಿ ಇರಲಿಲ್ಲ. ಗ್ಯಾಸ್ ಸಿಲಿಂಡರಿಗೆ ಹೆದರುತ್ತಿದ್ದರು, ಲಿಫ್ಟಿಗೆ ಹೆದರುತ್ತಿದ್ದರು, ತೆಂಗಿನ ಮರದ ಕೆಳಗೆ ತಲೆಯ ಮೇಲೆ ಚೀಲ ಹಿಡಿದು ಓಡುತ್ತಿದ್ದರು. ನಾನು ನಕ್ಕರೆ ಅವರಲ್ಲಿ ಒಂದೇ ಉತ್ತರವಿತ್ತು: "ನಗು, ನಗು. ಧೈರ್ಯ ಇದ್ದವರನ್ನೆಲ್ಲ ನಾನು ವಾರ್ಡಲ್ಲಿ ನೋಡಿದ್ದೇನೆ."

ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಅವರ ನಿಜವಾದ ಹೆದರಿಕೆ ಧೂಳು. ಅವರ ಮನೆಯಲ್ಲಿ ಹಿಡಿಸೂಡಿ ಇರಲೇ ಇಲ್ಲ. ಗುಡಿಸಿದರೆ ಧೂಳು ಏಳುತ್ತದೆ, ಒರೆಸಿದರೆ ಸಾಯುತ್ತದೆ ಎನ್ನುವುದು ಅವರ ಶಾಸ್ತ್ರ. ಅಂಥವರ ಪಕ್ಕದ ಮನೆಯಲ್ಲಿ ನಾನು ಮರಗೆಲಸದ ಹುಚ್ಚು ಹಿಡಿಸಿಕೊಂಡು ಕೂತಿದ್ದೆ.

ನಾನು ವೃತ್ತಿಯಿಂದ ಆಚಾರಿಯಲ್ಲ. ಒಂದು ಸಹಕಾರಿ ಸಂಘದಲ್ಲಿ ಕೆಲಸ. ನಲ್ವತ್ತು ದಾಟಿದ ಮೇಲೆ, ಕಾರು ಕೊಳ್ಳುವ ಯೋಗ ಇಲ್ಲವೆಂದು ಖಚಿತವಾದಾಗ, ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ಮರ ಕೊಯ್ಯುವ ಗರಗಸದ ಮೇಜು, ಹಲಗೆ ಹೆರೆಯುವ ಹತ್ತರಿಯ ಯಂತ್ರ, ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಒಂದೊಂದಾಗಿ ಬಂದವು. ಹಲಸಿನ ಮರದ ಮಣೆ, ಸಾಗುವಾನಿಯ ಸ್ಟೂಲು, ನೆಂಟರ ಮಕ್ಕಳಿಗೆ ತೊಟ್ಟಿಲು. ದಿನವಿಡೀ ಬೇರೆಯವರ ಮುಂದೆ ತಲೆಯಾಡಿಸಿ ಬರುವ ನನಗೆ ಆ ಶೆಡ್ಡಿನಲ್ಲಿ ಮಾತ್ರ ನಾನೂ ಒಬ್ಬ ಮನುಷ್ಯ ಎನ್ನಿಸುತ್ತಿತ್ತು. ಅದು ತಪ್ಪಿದರೆ ನನ್ನಲ್ಲಿ ಹೆಚ್ಚೇನೂ ಉಳಿಯುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಸೆವ್ರಿನ್ ಬಾಯಮ್ಮ ಕಂಪೌಂಡಿನ ಆಚೆ ನಿಂತು ಬಿಳಿ ಬೆಡ್‌ಶೀಟೊಂದನ್ನು ಬಿಡಿಸಿ ಹಿಡಿದರು. ಅದರ ಒಂದು ಬದಿ ಚಹಾ ಬಣ್ಣಕ್ಕೆ ತಿರುಗಿತ್ತು. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆ ಬದಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಉಮೇಶ, ಇದು ಹಗ್ಗದಲ್ಲಿ ಒಂದು ಹೊತ್ತು ಇತ್ತು, ಅಷ್ಟೇ. ನೀನು ಅದ್ರ ಒಳಗೇ ನಿಲ್ತಿ ಅಲ್ವಾ?"

"ಬಾಯಮ್ಮ, ಮರದ ಪುಡಿ ಅಲ್ವಾ, ಎಂತ ಆಗ್ತದೆ?"

ಅವರು ನನ್ನ ಗುಂಡಿಯನ್ನು ನೋಡಿದರು. "ಉದ್ದ ಒಂದು ಉಸಿರು ಎಳೆ, ನೋಡುವ" ಎಂದರು. ಎಳೆದೆ. ಕೊನೆಗೆ ಮುಟ್ಟುವ ಮೊದಲೇ ಕೆಮ್ಮು ಬಂತು. ಮರುದಿನವೇ ಎದೆಯ ಡಾಕ್ಟರ ಬಳಿಗೆ ನನ್ನನ್ನು ಕಳಿಸಿದ್ದು ಅವರೇ. ಕಳಿಸಿದ್ದು ಎನ್ನುವುದಕ್ಕಿಂತ ರಿಕ್ಷಾದಲ್ಲಿ ಪಕ್ಕದಲ್ಲಿ ಕೂತು ಸಾಗಿಸಿದ್ದು ಎನ್ನಬೇಕು.

ಡಾಕ್ಟರು ಒಂದು ಕೊಳವೆ ಕೊಟ್ಟು ಊದಿಸಿದರು. ನನ್ನ ಪ್ರಾಯದವರು ಊದಬೇಕಾದಷ್ಟು ನನಗೆ ಊದಲಾಗಲಿಲ್ಲ. "ಆರು ತಿಂಗಳು ಬಿಟ್ಟು ಪುನಃ ಊದಿಸ್ತೇನೆ. ಇನ್ನೂ ಇಳಿದಿದ್ರೆ ಮರದ ಕೆಲಸಕ್ಕೆ ಬೀಗ ಹಾಕಿ. ಹೋದ ಉಸಿರು ವಾಪಸ್ ಬರ್ತದೆ ಅಂತ ನಾನು ಗ್ಯಾರಂಟಿ ಕೊಡುದಿಲ್ಲ" ಎಂದರು. ಅವತ್ತಿನಿಂದ ನನಗೂ ಹೆದರಿಕೆ ಹಿಡಿಯಿತು. ಮೆಟ್ಟಿಲು ಹತ್ತುವಾಗ, ಬಸ್ಸಿಗೆ ಓಡುವಾಗ, ಊಟದ ಮಧ್ಯೆ ಸುಮ್ಮನೆ, ನನ್ನ ಉಸಿರು ನನಗೇ ಕೇಳಿಸತೊಡಗಿತು. ಒಮ್ಮೆ ಕೇಳಿಸಿದ ಮೇಲೆ ಅದನ್ನು ಕೇಳದೆ ಇರುವುದು ಹೇಗೆಂದು ಯಾರಿಗೂ ಗೊತ್ತಿಲ್ಲ.

ಹಿಂತಿರುಗುವಾಗ ರಿಕ್ಷಾದಲ್ಲಿ ಸೆವ್ರಿನ್ ಬಾಯಮ್ಮ ಹೇಳಿದ ಸಂಗತಿಯನ್ನು ನಾನು ಮರೆಯುವ ಹಾಗಿಲ್ಲ. ಮಸ್ಕತ್ತಿನ ವಾರ್ಡಿನಲ್ಲಿ ಮೂಡುಬಿದಿರೆ ಕಡೆಯ ಒಬ್ಬ ಮರದ ಕೆಲಸದವನಿದ್ದನಂತೆ. ತುಳು ಮಾತಾಡುವವನೆಂದು ಇವರಿಗೆ ಅವನ ಮೇಲೆ ಒಂದು ಪ್ರೀತಿ. "ಎಷ್ಟು ಸೋಪು ಹಾಕಿದ್ರೂ ಅವನ ಕೈಯಿಂದ ಸಾಗುವಾನಿಯ ವಾಸನೆ ಹೋಗ್ಲಿಲ್ಲ. ಕೊನೆಗೆ 'ಸಿಸ್ಟರ್, ಆ ಕಿಟಕಿ ಒಮ್ಮೆ ತೆಗೀರಿ' ಅಂತ ಕೇಳ್ತಾ ಇದ್ದ. ಕಿಟಕಿ ತೆರೆದೇ ಇತ್ತು ಮಾರಾಯ. ನಾನು ಪ್ರತಿ ಸಲ ಎದ್ದು ಹೋಗಿ ತೆಗೆದ ಹಾಗೆ ಮಾಡಿ ಬರ್ತಿದ್ದೆ."

ಧೂಳು ಹೀರುವ ಯಂತ್ರ ಆರಿಸಲು ಬಂದರಿನ ಅಂಗಡಿಗೆ ಹೋದದ್ದು ಅದೇ ವಾರ. ನನ್ನೊಡನೆ ಬರಲೇ ಎಂದು ಅವರು ಕೇಳಲಿಲ್ಲ. ಚಪ್ಪಲಿ ಹಾಕಿ ಗೇಟಿನ ಬಳಿ ನಿಂತಿದ್ದರು, ಅಷ್ಟೇ. ಒಣಮೀನಿನ ವಾಸನೆಯ ಓಣಿ, ಎರಡೂ ಕಡೆ ಗೋದಾಮು, ಅವುಗಳ ನಡುವೆ ಯಂತ್ರದ ಅಂಗಡಿ. ಅಂಗಡಿಯ ಮಾಲಿಕ ಬ್ಯಾರಿಗಳು ಮೋಟರಿನ ಶಕ್ತಿಯನ್ನು ಹೊಗಳಿದರು, ಒಂದು ಹಿಡಿ ಮರದ ಹೊಟ್ಟನ್ನು ನೆಲಕ್ಕೆ ಚೆಲ್ಲಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯ ಮಾಡಿ ತೋರಿಸಿದರು. ನಾನು ಬೆರಗಾದೆ. ಸೆವ್ರಿನ್ ಬಾಯಮ್ಮ ಬೆರಗಾಗಲಿಲ್ಲ.

"ಒಳಗೆ ಹೋದ ಗಾಳಿ ಹೊರಗೆ ಎಲ್ಲಿಂದ ಬರ್ತದೆ?"

"ಈ ಮೇಲಿನ ಬಟ್ಟೆಯ ಚೀಲದಿಂದ ಬಾಯಮ್ಮ. ಗಾಳಿ ಹೊರಗೆ, ಧೂಳು ಒಳಗೆ."

"ಬಟ್ಟೆಯ ತೂತಿನಿಂದ ಗಾಳಿ ಬರ್ತದೆ ಅಂತಾದ್ರೆ ಧೂಳೂ ಬರ್ತದೆ ಅಲ್ವಾ?"

ಅಂಗಡಿಯವರು ಇನ್ನೊಂದು ಯಂತ್ರ ತೋರಿಸಿದರು. ಅದರ ಮೇಲೆ ಚೀಲದ ಬದಲು ಮಡಿಕೆ ಮಡಿಕೆಯ ಕಾಗದದಂಥ ಫಿಲ್ಟರಿನ ಡಬ್ಬ ಇತ್ತು. ಸಣ್ಣ ಧೂಳು ಹಿಡಿಯಬೇಕಾದರೆ ಇದೇ ಒಳ್ಳೆಯದು, ಆದರೆ ಒಗೆಯುವ ಹಾಗಿಲ್ಲ ಎಂದರು. ಅಲ್ಲಿ ನಮ್ಮ ಗ್ರಹಚಾರ ಕೆಟ್ಟಿತು. ಒಗೆಯುವ ಹಾಗಿಲ್ಲ ಎಂಬ ಮಾತು ಕೇಳಿದ್ದೇ ಸೆವ್ರಿನ್ ಬಾಯಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಒಗೆಯದ ವಸ್ತುವಾ? ಇಡೀ ವಾರದ ಕೊಳೆ ಅದ್ರಲ್ಲೇ ಇರ್ತದಾ? ಛೀ, ಬೇಡ! ನಾವು ಬೆಡ್‌ಪ್ಯಾನ್ ಸಹ ಬೇಯಿಸಿ ಇಡ್ತಿದ್ದೆವು. ಚೀಲದ್ದೇ ಕೊಡಿ. ನಾನೇ ಒಗೀತೇನೆ." ಅಂಗಡಿಯವರು ನನ್ನ ಮುಖ ನೋಡಿದರು. ನಾನು ಬಾಯಮ್ಮನ ಮುಖ ನೋಡಿದೆ. ಚೀಲದ್ದೇ ಬಂತು.

ಯಂತ್ರ ಬಂದ ಮೇಲೆ ಶೆಡ್ಡು ದೇವರ ಕೋಣೆಯ ಹಾಗಾಯಿತು. ನೆಲದಲ್ಲಿ ಹೊಟ್ಟಿಲ್ಲ, ಮೇಜಿನ ಮೇಲೆ ಪುಡಿಯಿಲ್ಲ. ಪ್ರತಿ ಶನಿವಾರ ಸೆವ್ರಿನ್ ಬಾಯಮ್ಮ ಚೀಲ ಬಿಚ್ಚಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಂಡುಹೋಗಿ, ಬಿಸಿನೀರು, ಸೋಪು, ಆಸ್ಪತ್ರೆಯ ವಾಸನೆಯ ಅದೇನೋ ದ್ರವ ಹಾಕಿ ಒಗೆದು, ತಮ್ಮ ಬೆಡ್‌ಶೀಟುಗಳ ಪಕ್ಕದಲ್ಲೇ ಒಣಗಿಸುತ್ತಿದ್ದರು. ಸಂಜೆ ಅದು ಬರುವಾಗ ಇಸ್ತ್ರಿ ಒಂದು ಹಾಕಿರಲಿಲ್ಲ. ಹಸುಗೂಸಿನ ಅಂಗಿಯನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ಒಗೆದಿರಲಾರರು ಎಂದು ಪ್ರತಿಮಾ ತಮಾಷೆ ಮಾಡುತ್ತಿದ್ದಳು.

ಆದರೆ ಕೆಮ್ಮು ಹೋಗಲಿಲ್ಲ. ಹೋಗುವುದಿರಲಿ, ಹೆಚ್ಚಾಯಿತು. ಅದರಲ್ಲೂ ಭಾನುವಾರ ಇಡೀ ದಿನ ಕೆಲಸ ಮಾಡಿದರೆ ಸೋಮವಾರ ಬೆಳಿಗ್ಗೆ ಎದೆಯ ಮೇಲೆ ಅಕ್ಕಿಮುಡಿ ಇಟ್ಟಂತೆ ಇರುತ್ತಿತ್ತು. ಕಾರಣ ಏನೆಂದು ತಿಳಿಯದ ಕಾಯಿಲೆಗಿಂತ ದೊಡ್ಡ ಹೆದರಿಕೆ ಇಲ್ಲ. ಧೂಳು ಕಣ್ಣಿಗೆ ಕಾಣುತ್ತಿಲ್ಲ, ಯಂತ್ರ ಓಡುತ್ತಿದೆ, ಚೀಲ ಬೆಳ್ಳಗಿದೆ; ಹಾಗಾದರೆ ಕೊಳೆಯುತ್ತಿರುವುದು ನಾನೇ ಎಂದು ನನಗೆ ಖಾತ್ರಿಯಾಯಿತು. ವಿಮೆಯ ಕಾಗದಗಳು ಎಲ್ಲಿವೆ ಎಂದು ಪ್ರತಿಮಾಳಿಗೆ ತೋರಿಸಿಟ್ಟೆ. ಅವಳು ಅತ್ತಳು. ಅದು ಕಂಪೌಂಡಿನಾಚೆಗೆ ಕೇಳಿಸಿರಬೇಕು, ಸೆವ್ರಿನ್ ಬಾಯಮ್ಮ ಒಂದು ಕಪ್ಪು ಕಂಬಳಿಯನ್ನೂ ಟಾರ್ಚನ್ನೂ ಹಿಡಿದು ಬಂದರು.

"ಕಾಣುವ ಧೂಳನ್ನು ಹಿಡೀಲಿಕ್ಕೆ ಮೂಗು ಉಂಟು. ಕಾಣದ್ದನ್ನು ಹಿಡೀಲಿಕ್ಕೆ ಎಂತ ಉಂಟು? ಕಾಣಿಸುವ ಅದನ್ನು."

ನಡುಮಧ್ಯಾಹ್ನ. ಶೆಡ್ಡಿನ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿ, ಕತ್ತಲೆ ಮಾಡಿದರು. ಹಿಂದಿನ ಸಂಜೆಯಷ್ಟೇ ಒಗೆದು ಬಂದ ಚೀಲವನ್ನು ಕಟ್ಟಿದ್ದೆ. ನಾನು ಮಾಸ್ಕು ಕಟ್ಟಿಕೊಂಡು ಹಲಗೆಯೊಂದನ್ನು ಸ್ಯಾಂಡರಿಗೆ ಕೊಟ್ಟೆ. ಅವರು ಚೀಲದ ಪಕ್ಕದಲ್ಲಿ ಟಾರ್ಚು ಹಾಕಿದರು. ಬೆಳಕಿನ ಕೋಲಿನಲ್ಲಿ ಹೊಗೆ ಎದ್ದ ಹಾಗೆ ಕಂಡಿತು. ಬೆಂಕಿಯೇ ಹಿಡಿಯಿತೆಂದು ನಾನು ಸ್ವಿಚ್ಚಿಗೆ ಓಡಿದೆ. ಹೊಗೆಯಲ್ಲ. ಹಿಟ್ಟಿಗಿಂತ ಸಣ್ಣ ಪುಡಿ, ಚೀಲದ ಮೈಯೆಲ್ಲದರಿಂದ ಹೊರಟು, ಮೆಲ್ಲನೆ, ಯಾವ ಅವಸರವೂ ಇಲ್ಲದೆ ನಮ್ಮ ಮುಖದ ಎತ್ತರದಲ್ಲಿ ತೇಲುತ್ತಿತ್ತು. ಮೋಟರು ನಿಂತ ಮೇಲೂ ಅದು ಇಳಿಯಲಿಲ್ಲ. ಸೆವ್ರಿನ್ ಬಾಯಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಇಷ್ಟು ದಿನ ನಾನು ಉಸಿರಾಡಿದ್ದು ಅದನ್ನು.

ಮಳೆ ಹಿಡಿಯಿತು. ಬಟ್ಟೆ ಒಣಗದ ಕಾಲ. ಚೀಲ ಒಗೆಯುವುದು ನಿಂತಿತು. ಅರ್ಧವಾಗಿದ್ದ ಒಂದು ತೊಟ್ಟಿಲನ್ನು ಮುಗಿಸದೆ ಬಿಡುವ ಹಾಗಿರಲಿಲ್ಲ, ಪ್ರತಿಮಾಳ ತಂಗಿಗೆ ದಿನ ತುಂಬುತ್ತಿತ್ತು. ಮಾಸ್ಕು ಬಿಗಿದುಕೊಂಡು, ಹೆದರುತ್ತಲೇ ಕೆಲಸ ಮಾಡಿದೆ. ಕೆಲವು ವಾರ ಕಳೆದ ಮೇಲೆ ಸೆವ್ರಿನ್ ಬಾಯಮ್ಮ ಪುನಃ ಕಂಬಳಿ ಕಟ್ಟಿಸಿ ಟಾರ್ಚು ಹಾಕಿದರು. ಹೊಗೆ ಇತ್ತು, ಆದರೆ ಮೊದಲಿನ ಕಾಲು ಭಾಗವೂ ಇಲ್ಲ. ಚೀಲವೋ ಕೊಳೆಯಾಗಿ ಕಂದು ಹಿಡಿದಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿದರು, ಬೆಳಕಿಗೆ ಹಿಡಿದು ನೋಡಿದರು, ಮನೆಗೆ ಹೋದರು.

ಸಂಜೆ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಉಮೇಶ, ಆ ಚೀಲದ ನೂಲಿನ ಎಡೆಯಲ್ಲಿ ಕೂತ ಕೊಳೆ ಉಂಟಲ್ಲ, ಅದೇ ಸಣ್ಣ ಧೂಳನ್ನು ಹಿಡೀತಾ ಇದ್ದದ್ದು. ನಾನು ಅದನ್ನು ವಾರ ವಾರ ತೊಳೆದು ತೆಗೆದೆ. ತೂತು ಬಿಡಿಸಿ ಬಿಡಿಸಿ ಕೊಟ್ಟೆ. ನಿನ್ನ ಎದೆಗೆ ಅಷ್ಟೂ ಹಾಕಿದ್ದು ನಾನೇ ಮಾರಾಯ."

"ಬಿಡಿ ಬಾಯಮ್ಮ, ನಮಗಾರಿಗೂ ಗೊತ್ತಿರಲಿಲ್ಲ."

"ಸಣ್ಣ ಧೂಳಿಗೆ ಆ ಫಿಲ್ಟರೇ ಒಳ್ಳೆದು ಅಂತ ಅಂಗಡಿಯವರು ಹೇಳಿದ್ರಲ್ಲ. ನಂಗೆ ಕೊಳೆ ಅಂದ್ರೆ ಹೆದರಿಕೆ, ಅದಕ್ಕೆ ಕಿವಿ ಕೇಳ್ಲಿಲ್ಲ." ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. "ನೀನು ಕಿಟಕಿ ತೆಗೀಲಿಕ್ಕೆ ಹೇಳುವ ದಿನ ಬಂದ್ರೆ ನಾನು ಎಂತ ಮಾಡುದು?"

ಪ್ರತಿಮಾ ಅವರನ್ನು ಕೈಹಿಡಿದು ಒಳಗೆ ಕರೆತಂದು ಚಹಾ ಕೊಟ್ಟಳು.

ಆಮೇಲೆ ಯಂತ್ರವನ್ನು ನಾವು ಅಡಿಯಿಂದ ಮುಡಿಯವರೆಗೆ ತಿದ್ದಿದೆವು. ಚೀಲ ಕಿತ್ತು ಮಡಿಕೆಯ ಫಿಲ್ಟರು ತಂದೆ. ದಪ್ಪ ಹೊಟ್ಟೆಲ್ಲ ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳದ ಹಾಗೆ, ದಾರಿಯಲ್ಲಿ ಒಂದು ಡ್ರಮ್ಮು ಇಟ್ಟೆ. ಗಾಳಿ ಅದರೊಳಗೆ ಸುತ್ತು ಹಾಕುವಾಗ ಹೊಟ್ಟು ತಳಕ್ಕೆ ಬೀಳುತ್ತದೆ, ಪುಡಿ ಮಾತ್ರ ಮುಂದೆ ಹೋಗುತ್ತದೆ. ಸಪೂರ ಕೊಳವೆ ತೆಗೆದು ಅಗಲದ ಪೈಪು ಹಾಕಿದೆ, ಅದರ ತಿರುವು ಕಡಿಮೆ ಮಾಡಿದೆ. ಸ್ಯಾಂಡರಿನ ಬಾಯಿಗೇ ತಗಡಿನ ಮುಸುಕು ಕಟ್ಟಿದೆ, ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕೆಂದು. ಪ್ರತಿಯೊಂದಕ್ಕೂ ಟಾರ್ಚಿನ ಪರೀಕ್ಷೆ ಇತ್ತು. ಕೊನೆಯ ಸಲ ಬೆಳಕಿನ ಕೋಲು ಖಾಲಿ ಇದ್ದದ್ದು ನೋಡಿ ನಾನು ಕುಣಿಯುವುದೊಂದು ಬಾಕಿ. ಸೆವ್ರಿನ್ ಬಾಯಮ್ಮ ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿ ಪುನಃ ನೋಡಿದರು.

ಆರು ತಿಂಗಳಾದಾಗ ಡಾಕ್ಟರು ಮತ್ತೆ ಊದಿಸಿದರು. ಏರಿರಲಿಲ್ಲ. ಇಳಿದೂ ಇರಲಿಲ್ಲ. "ನಿಂತಿದೆ. ಹೀಗೇ ನಿಲ್ಲಿಸಿಕೊಳ್ಳಿ, ಕೆಲಸ ಮಾಡಿ" ಎಂದರು. ಓಡಿ ಬಂದು ಬಾಯಮ್ಮನಿಗೆ ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡು, "ನಿಂತದ್ದು ಇಳೀಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದರು. ಆ ಪ್ರಶ್ನೆ ನನ್ನೊಳಗೆ ಇವತ್ತಿಗೂ ಇದೆ.

ಮುಂದಿನ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ವಾಮಂಜೂರಿನಲ್ಲಿದ್ದ ಅಕ್ಕ, ಇಬ್ಬರೂ ಒಟ್ಟಿಗಿರೋಣ ಎಂದು ಕರೆದರು. ತಾವು ಹುಟ್ಟಿದ ಅಪ್ಪನ ಮನೆಯನ್ನು ಫ್ಲ್ಯಾಟು ಕಟ್ಟುವವರಿಗೆ ಕೊಟ್ಟು ಸೆವ್ರಿನ್ ಬಾಯಮ್ಮ ಹೊರಟುಹೋದರು. ಖಾಲಿ ಮನೆ ಬೇಸಿಗೆಯವರೆಗೆ ಹಾಗೇ ಇತ್ತು. ಒಂದು ಸಂಜೆ ಅವರ ಫೋನು.

"ನಾಳೆ ಜೆಸಿಬಿ ಬರ್ತದಂತೆ. ನೀನು ಅಲ್ಲಿ ಇರ್ಬೇಡ. ಕಿಟಕಿಗೆಲ್ಲ ಒದ್ದೆ ಚಾದರ ಕಟ್ಟಿ ಬೆಳಿಗ್ಗೆಯೇ ಹೊರಡು. ಪ್ರತಿಮಾಳನ್ನೂ ಕರ್ಕೊಂಡು ಬಾ. ಊಟ ಇಲ್ಲಿ."

ಪ್ರತಿಮಾ ತಂಗಿಯ ಮನೆಗೆ ಹೋದಳು. ನಾನು ವಾಮಂಜೂರಿಗೆ ಹೋದೆ. ಗದ್ದೆಯ ಎದುರಿನ ಜಗಲಿಯಲ್ಲಿ ಕೂರಿಸಿ ಮೊದಲು ಗುಂಡಿ ನೋಡಿದರು, ಆಮೇಲೆ ಕುಶಲ ಕೇಳಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅಕ್ಕ ಬಡಿಸಿದರು. ಸೆವ್ರಿನ್ ಬಾಯಮ್ಮ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದರು.

"ಈಗ ಅಡುಗೆಮನೆ ಬಿದ್ದಿರ್ಬಹುದು" ಎಂದರು. ಸ್ವಲ್ಪ ಹೊತ್ತು ಕಳೆದು, "ಈಗ ಅಪ್ಪನ ಕೋಣೆ."

ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟರು. ಅವರು ಅಳುತ್ತಾರೆಂದು ನಾನು ತಲೆ ತಗ್ಗಿಸಿದೆ. ಅಳಲಿಲ್ಲ. ನನ್ನ ಕಡೆಗೆ ಬಾಗಿ, ಗುಟ್ಟು ಹೇಳುವವರ ಹಾಗೆ ಹೇಳಿದರು:

"ನೀರು ಬಿಟ್ಕೊಂಡು ಕೆಡವಿ ಅಂತ ಹೇಳಿದ್ದೇನೆ, ಅವರು ಎಲ್ಲಿ ಕೇಳ್ತಾರೆ. ಹಳೆ ಸುಣ್ಣ, ಕೆಂಪುಕಲ್ಲು, ಮರಕ್ಕಿಂತ ಕೆಟ್ಟ ಧೂಳು ಅದು. ಸಂಜೆ ಹೋದವನೇ ಮಾಸ್ಕು ಕಟ್ಟು. ಗುಡಿಸ್ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಆ ನೀರನ್ನು ಅಂಗಳಕ್ಕೆ ಚೆಲ್ಲಬೇಡ, ಒಣಗಿದ್ರೆ ಪುನಃ ಹಾರ್ತದೆ. ಚರಂಡಿಗೆ ಬಿಡು. ಉಮೇಶ, ನನ್ನ ಮನೆ ನಿನ್ನ ಎದೆಗೆ ಹೋಗ್ಬಾರದು."

ಅದೇ ಕೊನೆಯ ಭೇಟಿ. ಮಳೆಗಾಲ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಅವರು ಏಳಲಿಲ್ಲವೆಂದು ಅಕ್ಕ ಫೋನು ಮಾಡಿದರು. ಹೃದಯ ನಿಂತದ್ದಂತೆ. ಮಣ್ಣು ಕೊಡಲು ಹೋಗಿದ್ದೆ, ಅಲ್ಲಿ ನನಗೆ ಅಳು ಬರಲಿಲ್ಲ. ನಾನು ಅತ್ತದ್ದು ಅದಕ್ಕಿಂತ ಮೊದಲು, ವಾಮಂಜೂರಿನಿಂದ ಮರಳಿದ ಆ ಸಂಜೆಯೇ.

ಗೇಟು ತೆರೆದಾಗ ಕಂಪೌಂಡಿನಾಚೆ ಆಕಾಶ ಮಾತ್ರ ಇತ್ತು. ನಮ್ಮ ಮೆಟ್ಟಿಲು, ತುಳಸಿ, ಶೆಡ್ಡಿನ ಬಾಗಿಲು, ಎಲ್ಲದರ ಮೇಲೂ ಒಂದೇ ಸಮನೆ ನಸುಗೆಂಪು ಪುಡಿ ಕೂತಿತ್ತು. ಉಸಿರು ಬಿಗಿಹಿಡಿದು ಮಾಸ್ಕು ಕಟ್ಟಿದೆ. ಬಕೆಟು ತುಂಬಿಸಿ, ಒದ್ದೆ ಬಟ್ಟೆ ಹಿಡಿದು ಶೆಡ್ಡಿನ ಕಿಟಕಿಯಿಂದ ಸುರು ಮಾಡಿದೆ. ಒರೆಸಿದೆ, ಹಿಂಡಿದೆ, ಒರೆಸಿದೆ. ಬಕೆಟಿನ ನೀರು ಕೆಂಪಾಯಿತು.

ಅದನ್ನು ಎತ್ತಿಕೊಂಡು ಚರಂಡಿಯ ಬಳಿ ಹೋಗಿ ನಿಂತೆ. ಸೆವ್ರಿನ್ ಬಾಯಮ್ಮ ಹುಟ್ಟಿ ಬೆಳೆದ ಮನೆ ನನ್ನ ಕೈಯಲ್ಲಿತ್ತು, ಚರಂಡಿಗೆ ಸುರಿಯಲು ಕೈ ಬರಲಿಲ್ಲ. ಅವರ ಅಂಗಳವಿದ್ದ ಕಡೆಗೆ, ಅವರ ಮಣ್ಣಿಗೇ ಚೆಲ್ಲಿಬಿಡೋಣ ಎನ್ನಿಸಿತು. ಕಣ್ಣೀರು ಮಾಸ್ಕಿನೊಳಗೆ ಇಳಿದು ಬಾಯಿಗೆ ಉಪ್ಪಾಯಿತು; ಒರೆಸಿಕೊಳ್ಳಲು ಮಾಸ್ಕು ತೆಗೆಯುವ ಧೈರ್ಯ ಇರಲಿಲ್ಲ. ನಾಳೆ ಬಿಸಿಲು ಬರುತ್ತದೆ, ಒಣಗುತ್ತದೆ, ಹಾರುತ್ತದೆ. ಹೆದರಿದೆ. ಚರಂಡಿಗೇ ಸುರಿದು, ಇನ್ನೊಂದು ಬಕೆಟು ನೀರು ತುಂಬಿಸಲು ನಲ್ಲಿಯ ಕಡೆಗೆ ಹೋದೆ.